ಇಎಸ್‌ಡಿಯಲ್ಲಿ ಫ್ಲ್ಯಾಪ್ ಎತ್ತಿ ಹಿಡಿಯುವ ತೋಳು: ಮೇಜಿನ ಮೇಲೆ ಏಳುತ್ತದೆ, ಸ್ಕೋಪ್ ಬಾಗಿದರೆ ಏಳುವುದಿಲ್ಲ

ತಿರುಪುಮೊಳೆ

ಎಲ್ಲರಿಗೂ ನಮಸ್ಕಾರ. ಜಠರದ ಆರಂಭಿಕ ಹಂತದ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ ಒಳಗಿನಿಂದಲೇ ಸುಲಿದು ತೆಗೆಯುವ ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್, ಅಂದರೆ ಇಎಸ್‌ಡಿಗೆ, ಒಂದು ಅಟ್ಯಾಚ್‌ಮೆಂಟ್ ವಿನ್ಯಾಸ ಮಾಡುತ್ತಿದ್ದೇವೆ. ಸ್ಕೋಪಿನಲ್ಲಿ (ಬಾಯಿಯಿಂದ ಇಳಿಸುವ, ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ಕೊಳವೆ) ಉಪಕರಣ ತೂರಿಸಲು ಇರುವುದೇ ಒಂದು ಚಾನೆಲ್, 2.8 ಮಿ.ಮೀ. ಅದು ಕೊಯ್ಯುವ ವಿದ್ಯುತ್ ನೈಫಿಗೆ ಹೋಗುತ್ತದೆ. ಸುಲಿದ ಲೋಳೆಪೊರೆಯ (ಫ್ಲ್ಯಾಪ್) ಅಂಚನ್ನು ಎತ್ತಿ ಹಿಡಿಯಲು ಎರಡನೇ ಕೈ ಇಲ್ಲ. ಆ ಕೈಯನ್ನು ಹೊರಗಿನಿಂದ ಕೊಡಬೇಕು.

ಈಗಿನ ಮಾದರಿ: 9.9 ಮಿ.ಮೀ. ಹೊರವ್ಯಾಸದ ಗ್ಯಾಸ್ಟ್ರೋಸ್ಕೋಪಿನ ತುದಿಗೆ ಪಾರದರ್ಶಕ ಕ್ಯಾಪ್. ಅದರ ಹೊರಮೈಗೆ ಹಿಂಜ್ ಹಾಕಿದ 15 ಮಿ.ಮೀ. ಉದ್ದದ ತೋಳು, ತೋಳಿನ ತುದಿಯಲ್ಲಿ 5 ಮಿ.ಮೀ. ಉದ್ದದ ಹಲ್ಲಿನ ಬಾಯಿ. ಹಿಂಜಿನ ಹತ್ತಿರ 1.5 ಮಿ.ಮೀ. ಲಿವರ್ (ತಂತಿ ಎಳೆಯುವ ಸನ್ನೆ). ತೋಳಿಗೊಂದು, ಬಾಯಿಗೊಂದು ಅಂತ 0.4 ಮಿ.ಮೀ. ಸ್ಟೇನ್‌ಲೆಸ್ ತಂತಿಗಳು, ಪಿಟಿಎಫ್‌ಇ (ಜಾರುವ ಪ್ಲಾಸ್ಟಿಕ್) ಒಳಪದರದ ಕವಚದಲ್ಲಿ, ಹಿಡಿಕೆ ಸೇರಿ 1.5 ಮೀಟರ್. ಕವಚವನ್ನು ಸ್ಕೋಪಿನ 12 ಗಂಟೆಯ ಬದಿಗೆ (ತುದಿಯನ್ನು ಗಡಿಯಾರದ ಮುಖವೆಂದು ಎಣಿಸಿದರೆ) ತುದಿಯಿಂದಲೇ ಟೇಪ್ ಮಾಡಿದ್ದೇವೆ.

ಸ್ಕೋಪ್ ನೇರವಾಗಿದ್ದಾಗ ತೋಳು 60 ಡಿಗ್ರಿ ಏಳುತ್ತದೆ. ಜಠರದ ಮಾದರಿಯೊಳಗೆ ಸ್ಕೋಪ್ ಸುತ್ತಿ, ತುದಿ ಹಿಂದಿರುಗಿ ನೋಡುವಂತೆ ಬಾಗಿಸಿದರೆ, ಹಿಡಿಕೆ ಪೂರ್ತಿ ಎಳೆದರೂ 20 ಡಿಗ್ರಿ ದಾಟುವುದಿಲ್ಲ. ಅದೂ 1 ನ್ಯೂಟನ್ ಭಾರ ಇಟ್ಟಾಗ. ಪ್ರಶ್ನೆಗಳು ಇವು: ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ತಂತಿಗೆ ಬದಲಾಯಿಸಿದರೆ ಸರಿಹೋಗುತ್ತದೆಯೇ? ನಿಜಕ್ಕೂ ಎಷ್ಟು ಬಲ ಬೇಕು? ತೋಳು ಗಡಿಯಾರದ ಯಾವ ಸ್ಥಾನದಲ್ಲಿರಬೇಕು? ಹಲ್ಲಿನ ಬಾಯಿಗಿಂತ ಸಕ್ಷನ್ ಒಳ್ಳೆಯದೇ? ಮತ್ತೆ, ಕ್ಲಿಪ್ಪಿಗೆ ದಾರ ಕಟ್ಟಿ ಎಳೆಯುವ ವಿಧಾನ ಇರುವಾಗ ಇಷ್ಟೆಲ್ಲ ಬೇಕೇ?

ಗ್ಯಾಸ್ಟ್ರೋ_ಹುಬ್ಬಳ್ಳಿ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದವುಗಳ ಉತ್ತರ ಅದರ ಮೇಲೇ ನಿಂತಿದೆ.

ನಿಮ್ಮ ಸಾಧನ ಸ್ಪರ್ಧಿಸಬೇಕಾದ್ದು ಇನ್ನೊಂದು ತೋಳಿನ ಜೊತೆ ಅಲ್ಲ, ಒಂದು ಕ್ಲಿಪ್ ಮತ್ತು ಒಂದು ಮಾರು ದಾರದ ಜೊತೆ. ಜಪಾನಿನಲ್ಲಿ ಓಯಾಮ ಅವರು 2002ರ ಸುಮಾರಿಗೆ ವಿವರಿಸಿದ ವಿಧಾನ, ಇವತ್ತಿಗೂ ಅತಿ ಅಗ್ಗದ್ದು. ಮಾಡುವ ಕ್ರಮ: ಗಡ್ಡೆಯ ಸುತ್ತ ಲೋಳೆಪೊರೆ ಕೊಯ್ದು, ಅಂಚು ಸ್ವಲ್ಪ ಸಡಿಲವಾಗುವಷ್ಟು ಕೆಳಗೆ ಬಿಡಿಸಿಕೊಳ್ಳಬೇಕು. ಸ್ಕೋಪ್ ಹೊರತೆಗೆದು ಚಾನೆಲ್ ಮೂಲಕ ಕ್ಲಿಪ್ ತೂರಿಸಿ, ತುದಿಯಿಂದ ಹೊರಬಂದ ಕ್ಲಿಪ್ಪಿನ ಒಂದೇ ಕಾಲಿಗೆ, ಹಲ್ಲಿನ ಬುಡದಲ್ಲಿ, ಹಲ್ಲುಜ್ಜುವ ಫ್ಲಾಸ್ ಅಥವಾ ಹೊಲಿಗೆಯ ರೇಷ್ಮೆದಾರ ಬಿಗಿಯಬೇಕು. ಎರಡೂ ಕಾಲಿಗೆ ಸೇರಿಸಿ ಬಿಗಿದರೆ ಕ್ಲಿಪ್ ತೆರೆಯುವುದಿಲ್ಲ. ಕ್ಲಿಪ್ಪನ್ನು ಕ್ಯಾಪಿನೊಳಗೆ ಎಳೆದುಕೊಂಡು, ದಾರ ಸ್ಕೋಪಿನ ಹೊರಗೆ ಬರುವಂತೆ ಮತ್ತೆ ಇಳಿಸಿ, ಅಂಚನ್ನು ಕೆಳಗಿನಿಂದ ಕಚ್ಚಿಸಬೇಕು. ಆಮೇಲೆ ರೋಗಿಯ ಬಾಯಿಯ ಹತ್ತಿರ ದಾರವನ್ನು ಹಗುರವಾಗಿ ಎಳೆಯುವುದು. ಅಷ್ಟೇ.

ಇದರ ಫಲ ಅಳೆದು ನೋಡಿದ್ದಾರೆ. ಜಪಾನಿನ ಹಲವು ಆಸ್ಪತ್ರೆಗಳು ಸೇರಿ 640 ಜನರನ್ನು ಸೇರಿಸಿಕೊಂಡು ಮಾಡಿದ, 2018ರಲ್ಲಿ ಪ್ರಕಟವಾದ ಜಠರದ ಅಧ್ಯಯನದಲ್ಲಿ ಒಟ್ಟು ಸಮಯ ಹೆಚ್ಚುಕಡಿಮೆ ಅಷ್ಟೇ: ದಾರವಿದ್ದಾಗ 58.1 ನಿಮಿಷ, ಇಲ್ಲದಾಗ 60.7. ಆದರೆ ಜಠರದ ಮೇಲಿನ ಮತ್ತು ನಡುವಿನ ಭಾಗದ ದೊಡ್ಡ ಬಾಗಿನಲ್ಲಿ, ಅಂದರೆ ಹೊರಬದಿಯ ಉದ್ದ ಅಂಚಿನಲ್ಲಿ, 104.1 ನಿಮಿಷ ಹಿಡಿಯುತ್ತಿದ್ದದ್ದು 57.2ಕ್ಕೆ ಇಳಿಯಿತು. ತೂತು ಬಿದ್ದದ್ದೂ ಕಡಿಮೆ, ಶೇ. 2.2ರ ಬದಲು ಶೇ. 0.3. ಅನ್ನನಾಳದಲ್ಲಿ ಇದೇ ಬಗೆಯ ಅಧ್ಯಯನ 2020ರಲ್ಲಿ ಬಂತು, 60.5 ನಿಮಿಷದಿಂದ 44.5ಕ್ಕೆ.

ಈ ಅಂಕಿಗಳನ್ನು ಎಂಜಿನಿಯರ್ ಕಣ್ಣಿನಲ್ಲಿ ಓದಿ. ಅನ್ನನಾಳ ಒಂದು ಕೊಳವೆ. ದಾರ ಯಾವಾಗಲೂ ಬಾಯಿಯ ಕಡೆಗೆ ಎಳೆಯುತ್ತದೆ, ಅಲ್ಲಿ ಬೇಕಾದ ದಿಕ್ಕೂ ಸರಿಸುಮಾರು ಅದೇ. ಜಠರದಲ್ಲಿ ದಾರದ ದಿಕ್ಕನ್ನು ನಿರ್ಧರಿಸುವುದು ಜಠರದ ಮೇಲ್ಬಾಯಿ, ವೈದ್ಯರಲ್ಲ. ಗಡ್ಡೆ ಎಲ್ಲಿದೆ ಎಂಬುದರ ಮೇಲೆ ಅದು ಗೋಡೆಯಿಂದ ಮೇಲಕ್ಕೆ ಎತ್ತಬಹುದು, ಅಥವಾ ಗೋಡೆಗೆ ಒತ್ತಿಕೊಂಡು ಹಾಗೇ ಎಳೆಯಬಹುದು. ಎರಡನೆಯದರಿಂದ ಉಪಯೋಗವಿಲ್ಲ. ಆದ್ದರಿಂದ ನಿಮ್ಮ ತೋಳಿಗೆ ಕೆಲಸವಿರುವುದು ದಾರಕ್ಕೆ ದಿಕ್ಕು ಸಿಗದ ಜಾಗಗಳಲ್ಲಿ. ಎಲ್ಲ ಕಡೆಗೂ ಒಂದೇ ಸಾಧನ ಅಂತ ಹೊರಡಬೇಡಿ.

ಇನ್ನೊಂದು ಮಾತು, ಇದು ವಿನ್ಯಾಸದವರಿಗೆ ಇಷ್ಟವಾಗುವುದಿಲ್ಲ. ಸ್ಕೋಪಿಗೇ ಅಂಟಿದ ತೋಳಿಗೆ ಒಂದು ಹುಟ್ಟುದೋಷವಿದೆ: ನೈಫನ್ನು ಪಕ್ಕಕ್ಕೆ ಒಯ್ಯಲು ಸ್ಕೋಪ್ ತಿರುಗಿಸಿದರೆ ಹಿಡಿದ ಫ್ಲ್ಯಾಪೂ ಜೊತೆಗೆ ತಿರುಗುತ್ತದೆ. ದಾರದಲ್ಲಿ ಎಳೆತ ಬೇರೆ, ನೈಫ್ ಬೇರೆ. ಒಲಿಂಪಸ್ ಕಂಪನಿಯ ಎಂಡೋಲಿಫ್ಟರ್ ನಿಮ್ಮದೇ ಜಾತಿಯ ಸಾಧನ, ಪಾರದರ್ಶಕ ಕ್ಯಾಪಿಗೆ ಕೀಲು ಹಾಕಿದ ಫೋರ್ಸೆಪ್ಸ್. ಹಿಡಿಯುವುದು, ಹಿಂದಕ್ಕೆಳೆಯುವುದು, ಎತ್ತುವುದು ಒಟ್ಟಿಗೇ. ಅದರ ಜ್ಯಾಮಿತಿಯನ್ನು ಮೊದಲು ಅಭ್ಯಾಸ ಮಾಡಿ. ತೋಳಿಗೆ ಎಡಬಲ 20 ಡಿಗ್ರಿಯಷ್ಟಾದರೂ ಸಡಿಲ ಓಲಾಟ ಬಿಟ್ಟರೆ ಈ ದೋಷ ಬಹಳ ಮಟ್ಟಿಗೆ ತಗ್ಗುತ್ತದೆ. ಅದಕ್ಕೆ ಮೂರನೇ ತಂತಿ ಬೇಡ, ಹಿಂಜಿನಲ್ಲಿ ಆಟ ಇದ್ದರೆ ಸಾಕು.

ಸ್ಥಾನ: ಹೆಚ್ಚಿನ ಗ್ಯಾಸ್ಟ್ರೋಸ್ಕೋಪುಗಳಲ್ಲಿ ಉಪಕರಣ ಪರದೆಯ 7 ಗಂಟೆಯ ಬದಿಯಿಂದ ಬರುತ್ತದೆ (ಕೊಲೊನೋಸ್ಕೋಪಿನಲ್ಲಿ 5ರಿಂದ 6). ನಾವು ಸ್ನಾಯುಪದರವನ್ನು ಪರದೆಯ ಕೆಳಗೆ, ಫ್ಲ್ಯಾಪನ್ನು ಮೇಲೆ ಇಟ್ಟುಕೊಂಡು, ನಡುವಿನ, ಬಣ್ಣ ಚುಚ್ಚಿ ನೀಲಿಯಾದ ಪದರ (ಸಬ್‌ಮ್ಯೂಕೋಸ) ಕೊಯ್ಯುತ್ತೇವೆ. ಹಾಗಾಗಿ ತೋಳು 12ರಿಂದ 1 ಗಂಟೆಯೊಳಗೆ. ಲೆನ್ಸ್ ತೊಳೆಯುವ ನಳಿಕೆಯ ಬಾಯಿಗೆ ಮಾತ್ರ ಅಡ್ಡ ಬರಬಾರದು. ಅಡ್ಡ ಬಂದರೆ ರಕ್ತ ಅಂಟಿದ ಲೆನ್ಸ್ ತೊಳೆಯಲು ಪ್ರತಿ ಸಲ ಸ್ಕೋಪ್ ಹೊರತೆಗೆಯಬೇಕಾಗುತ್ತದೆ.

ಎಲ್ಲಿ ಕಚ್ಚಬೇಕು: ಗಡ್ಡೆಯ ಹೊರಗೆ ಸುಟ್ಟು ಗುರುತಿಟ್ಟ ಚುಕ್ಕೆಗಳಿಗೂ ಕೊಯ್ದ ಅಂಚಿಗೂ ನಡುವೆ ಕೆಲವು ಮಿ.ಮೀ. ಆರೋಗ್ಯವಂತ ಲೋಳೆಪೊರೆ ಇರುತ್ತದೆ. ಬಾಯಿ ಅಲ್ಲೇ ಕಚ್ಚಬೇಕು. ಗಡ್ಡೆಯ ಮೇಲೆ ಕಚ್ಚಿ ಜಜ್ಜಿದರೆ ಪ್ಯಾಥಾಲಜಿಯವರು ಅಂಚು ಸ್ವಚ್ಛವಾಗಿದೆಯೇ ಎಂದು ಹೇಳಲಾರರು, ಇಡೀ ಇಎಸ್‌ಡಿಯ ಉದ್ದೇಶವೇ ಹೋಯಿತು. ನಿಮ್ಮ ಬಾಯಿ 5 ಮಿ.ಮೀ. ಉದ್ದ ಇದೆ ಅಂದಿರಿ. ಅದು ಅಂಚಿಗೆ ಸಮಾನಾಂತರವಾಗಿ ಕಚ್ಚುವಂತೆ ತಿರುಗಿಸಿ, ಲಂಬವಾಗಿ ಅಲ್ಲ.

ಬಲದ ಬಗ್ಗೆ ಒಂದೇ ಎಚ್ಚರಿಕೆ: ಎಳೆತ ಹೆಚ್ಚಾದರೆ ಸಬ್‌ಮ್ಯೂಕೋಸದ ಜೊತೆ ಕೆಳಗಿನ ಸ್ನಾಯುಪದರವೂ ಮೇಲೆದ್ದು ಬರುತ್ತದೆ. ಆಗ ನೈಫ್ ಅಡ್ಡ ಸರಿದರೆ ಸೀದಾ ತೂತು. ಎಳೆತದಿಂದ ತೂತು ಕಡಿಮೆಯಾಗುವುದೂ ನಿಜ, ಅತಿ ಎಳೆತದಿಂದ ತೂತು ಬೀಳುವುದೂ ನಿಜ.

ಕ್ಯಾಥೆಟರ್_ಕೆಲಸ

ಡಾಕ್ಟರ್ ಸರ್ ದಿಕ್ಕಿನ ಮಾತು ಹೇಳಿದ್ದಾರೆ, ನಾನು ತಂತಿಯ ಮಾತು ಹೇಳುತ್ತೇನೆ. ತಿರುಪುಮೊಳೆ ಅವರೇ, ನಿಟಿನಾಲ್ ಹಾಕಿದರೆ ಈಗಿರುವ 20 ಡಿಗ್ರಿಯೂ ಹೋಗುತ್ತದೆ. ಲೆಕ್ಕ ನೋಡಿ.

ತೋಳಿನ ತುದಿಯಲ್ಲಿ 1 ನ್ಯೂಟನ್, ತೋಳು 15 ಮಿ.ಮೀ., ಲಿವರ್ 1.5. ಹಿಂಜಿನ ಹತ್ತಿರ ತಂತಿಯಲ್ಲಿ 10 ನ್ಯೂಟನ್ ಬೇಕು. ಬಾಯಿಯಿಂದ ಗಂಟಲು, ಜಠರದ ಸುತ್ತು, ತುದಿಯ ಹಿಂತಿರುವು ಎಲ್ಲ ಕೂಡಿದರೆ ಸುಮಾರು 360 ಡಿಗ್ರಿ ಬಾಗು. ಪಿಟಿಎಫ್‌ಇ ಮೇಲೆ ಉಕ್ಕಿಗೆ ಘರ್ಷಣೆ 0.1 ಅಂತ ಹಿಡಿದರೆ, ಕ್ಯಾಪ್‌ಸ್ಟನ್ ಸೂತ್ರದ (ಬಾಗಿನ ಮೇಲೆ ಎಳೆದ ತಂತಿಯ ಘರ್ಷಣೆಯ ಲೆಕ್ಕ) ಪ್ರಕಾರ ಹಿಡಿಕೆಯಲ್ಲಿ 1.87 ಪಟ್ಟು, ಅಂದರೆ 19 ನ್ಯೂಟನ್ ಹತ್ತಿರ ಎಳೆಯಬೇಕು. (ಒಳಪದರ ಕೊಳೆಯಾಗಿ ಘರ್ಷಣೆ 0.2ಕ್ಕೆ ಏರಿದರೆ ಮೂರೂವರೆ ಪಟ್ಟು. ಅದಕ್ಕೇ ಕವಚದೊಳಗೆ ರಕ್ತ, ಲೋಳೆ ಹತ್ತದಂತೆ ತುದಿಯಲ್ಲಿ ಸೀಲ್ ಬೇಕು.)

ಬಲ ಸಮಸ್ಯೆಯಲ್ಲ, 0.4 ಮಿ.ಮೀ. ತಂತಿ 19 ನ್ಯೂಟನ್ನನ್ನು ಸಲೀಸಾಗಿ ತಡೆಯುತ್ತದೆ. ಸಮಸ್ಯೆ ಹಿಗ್ಗುವಿಕೆ. ತಂತಿಯ ಉದ್ದಕ್ಕೂ ಸರಾಸರಿ 14 ನ್ಯೂಟನ್ ಇದ್ದರೆ 1.5 ಮೀಟರ್ ಉಕ್ಕಿನ ತಂತಿ 0.86 ಮಿ.ಮೀ. ಹಿಗ್ಗುತ್ತದೆ. ನಿಮ್ಮ ತೋಳು 60 ಡಿಗ್ರಿ ಏಳಲು ಬೇಕಾದ ಒಟ್ಟು ಓಟವೇ 1.57 ಮಿ.ಮೀ. ಅರ್ಧಕ್ಕಿಂತ ಹೆಚ್ಚು ಓಟವನ್ನು ತಂತಿಯೇ ನುಂಗಿತು. ಉಳಿದ 0.71ಕ್ಕೆ 27 ಡಿಗ್ರಿ. ಕವಚ ಸ್ವಲ್ಪ ಕುಗ್ಗಿದ್ದನ್ನು ಸೇರಿಸಿದರೆ ನಿಮ್ಮ 20 ಡಿಗ್ರಿ ಬಂತು. ನಿಟಿನಾಲಿನ ಬಿಗಿತ (ಹಿಗ್ಗದಂತೆ ತಡೆಯುವ ಗುಣ) ಉಕ್ಕಿನ ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಅಷ್ಟೇ. ಅದೇ ದಪ್ಪದ ನಿಟಿನಾಲ್ 3 ಮಿ.ಮೀ. ಹಿಗ್ಗುತ್ತದೆ. ತೋಳು ಅಲುಗುವುದೇ ಇಲ್ಲ.

ಪರಿಹಾರ ಲಿವರಿನಲ್ಲಿದೆ. 1.5 ಅನ್ನು 3 ಮಿ.ಮೀ. ಮಾಡಿ. ತಂತಿಯ ಬಲ ಅರ್ಧ, ಹಿಗ್ಗುವಿಕೆ ಅರ್ಧ (0.43), ಬೇಕಾದ ಓಟ ಎರಡರಷ್ಟು (3.14). ನಷ್ಟ ಶೇ. 55ರಿಂದ ಶೇ. 14ಕ್ಕೆ. ಲಿವರ್ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು ಇಳಿಯುತ್ತದೆ. ತಂತಿ ದಪ್ಪ ಮಾಡುವ ಆಸೆಗೆ ಹೋಗಬೇಡಿ: 0.6 ಮಿ.ಮೀ. ಮಾಡಿದರೆ ಹಿಗ್ಗುವಿಕೆ 2.25 ಪಟ್ಟು ಇಳಿಯುವುದು ಸರಿ, ಆದರೆ ಬಾಗುವ ಬಿಗಿತ 5 ಪಟ್ಟು ಏರಿ ಸ್ಕೋಪಿನ ತುದಿಯೇ ಬಾಗುವುದಿಲ್ಲ.

3 ಮಿ.ಮೀ. ಲಿವರಿಗೆ ಜಾಗ ಎಲ್ಲಿ ಅಂತ ಕೇಳುತ್ತೀರಿ. ಸ್ಕೋಪ್ 9.9, ಕ್ಯಾಪಿನ ಗೋಡೆ ಎರಡು ಬದಿ ಸೇರಿ 2, ತೋಳು 2.5: ಈಗಲೇ 14.4 ಆಯಿತು. ಆದ್ದರಿಂದ ಲಿವರ್ ಒಳಗೆ ಹೋಗುವಾಗ ಕ್ಯಾಪಿನ ಮೈಗೆ ಮಲಗಿರಬೇಕು, ಜಠರದಲ್ಲಿ ತಂತಿಯ ಮೊದಲ ಎಳೆತಕ್ಕೆ ಎದ್ದು ನಿಲ್ಲಬೇಕು. ಓವರ್‌ಟ್ಯೂಬ್ (ಸ್ಕೋಪ್ ತೂರಿಸುವ ಹೊರಕೊಳವೆ) ಬಳಸುವುದಾದರೆ ಅದರ ಒಳವ್ಯಾಸ ಅಳೆದ ಮೇಲೆಯೇ ಚಿತ್ರ ಬಿಡಿಸಿ.

ನಿಟಿನಾಲಿಗೆ ಜಾಗ ಇದೆ, ತೋಳಿನಲ್ಲಿ. 15 ಮಿ.ಮೀ. ಉದ್ದದ 0.6 ಮಿ.ಮೀ. ನಿಟಿನಾಲ್ ತಂತಿಯನ್ನೇ ತೋಳಾಗಿಸಿ. ತುದಿಗೆ 1 ನ್ಯೂಟನ್ ಬಿದ್ದರೆ 3 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಬಾಗುತ್ತದೆ. ಆ ಬಾಗು ಪರದೆಯ ಮೇಲೆ ಕಾಣುತ್ತದೆ, ವೈದ್ಯರಿಗೆ ಅದೇ ಬಲಮಾಪಕ. ಡಾಕ್ಟರ್ ಸರ್ ಹೆದರುವ ಅತಿ ಎಳೆತಕ್ಕೂ ಅದೇ ತಡೆ. 0.8 ಹಾಕಿದರೆ ಬಾಗು 1 ಮಿ.ಮೀ., ಕಣ್ಣಿಗೆ ಬೀಳುವುದಿಲ್ಲ. ನಿಟಿನಾಲನ್ನು ಸ್ಟೇನ್‌ಲೆಸ್‌ಗೆ ನೇರ ವೆಲ್ಡ್ ಮಾಡಬೇಡಿ, ಬೆಸುಗೆ ಗಾಜಿನ ಹಾಗೆ ಒಡೆಯುತ್ತದೆ. ಸ್ಟೇನ್‌ಲೆಸ್ ಹೈಪೋಟ್ಯೂಬನ್ನು (ಸಣ್ಣ ಕೊಳವೆ) ನಿಟಿನಾಲಿನ ಮೇಲೆ ಅದುಮಿ ಕ್ರಿಂಪ್ ಮಾಡಿ, ಆ ಟ್ಯೂಬನ್ನು ಉಳಿದ ಭಾಗಕ್ಕೆ ವೆಲ್ಡ್ ಮಾಡಿ.

ಈಗ ಟೇಪ್. ಎಲ್ಲರೂ ಎಡವುವ ಜಾಗ ಇದು. ಸ್ಕೋಪಿನ ನಡುರೇಖೆಯಿಂದ ಹೊರಗಿನ ಕವಚದ ನಡುವಿಗೆ 6 ಮಿ.ಮೀ. ಗ್ಯಾಸ್ಟ್ರೋಸ್ಕೋಪ್ ಮೇಲ್ಮುಖವಾಗಿ 210 ಡಿಗ್ರಿ, ಅಂದರೆ 3.67 ರೇಡಿಯನ್ ಬಾಗುತ್ತದೆ. ಗುಣಿಸಿ: 22 ಮಿ.ಮೀ. 12 ಗಂಟೆಯ ಬದಿಯಲ್ಲಿ ಓಡುವ ಕವಚಕ್ಕೆ ಪೂರ್ತಿ ಹಿಂತಿರುವಿನಲ್ಲಿ 22 ಮಿ.ಮೀ. ಹೆಚ್ಚುವರಿ ಉಳಿಯುತ್ತದೆ. ತುದಿಯಿಂದಲೇ ಟೇಪ್ ಸುತ್ತಿದ್ದರೆ ಆ 22 ಮಿ.ಮೀ. ಬಾಗಿನ ಒಳಬದಿಯಲ್ಲಿ ಕುಣಿಕೆಯಾಗಿ ಎದ್ದು ಲೋಳೆಪೊರೆಯನ್ನು ಚಿವುಟುತ್ತದೆ. ಕೆಳಮುಖ ಬಾಗಿದರೆ ಉಲ್ಟಾ, ಕ್ಯಾಪನ್ನೇ ಎಳೆದು ಕಳಚುತ್ತದೆ.

ಕವಚವನ್ನು 3 ಅಥವಾ 9 ಗಂಟೆಯ ಬದಿಯಲ್ಲಿ ತನ್ನಿ. ಮೇಲೆ ಕೆಳಗೆ ಬಾಗುವಾಗ ಅಲ್ಲಿ ಉದ್ದದ ವ್ಯತ್ಯಾಸ ಸೊನ್ನೆ. ಎಡಬಲ ಬಾಗು 100 ಡಿಗ್ರಿ ಮಾತ್ರ, ವ್ಯತ್ಯಾಸ 10 ಮಿ.ಮೀ. ಚಿಲ್ಲರೆ. ಕ್ಯಾಪಿನ ಮೈಮೇಲೆ ಕಾಲು ಸುತ್ತು ಹಾಕಿಸಿ 12 ಗಂಟೆಗೆ ತಲುಪಿಸಿ. ಘರ್ಷಣೆ ಒಂದಿಷ್ಟು ಏರುತ್ತದೆ, ಲಾಭದ ಮುಂದೆ ಅದು ಲೆಕ್ಕಕ್ಕಿಲ್ಲ. ಬಾಗುವ ಭಾಗ ಮುಗಿಯುವ ತನಕ ಟೇಪ್ ಬೇಡ. ಅಲ್ಲಿಂದ ಮೇಲೆ 15–20 ಸೆಂ.ಮೀ.ಗೊಂದು ತೆಳು ಸಿಲಿಕೋನ್ ಬಳೆ, ಕವಚ ಅದರೊಳಗೆ ಜಾರುವಂತಿರಲಿ. ಬಿಗಿ ಹಿಡಿಯಬೇಕಾದ್ದು ಎರಡೇ ಕಡೆ, ಕ್ಯಾಪಿನಲ್ಲಿ ಮತ್ತು ಹಿಡಿಕೆಯಲ್ಲಿ.

ಬಾಯಿ ತೆರೆಯಲು ತಂತಿಯನ್ನು ತಳ್ಳುವ ವಿನ್ಯಾಸವಾಗಿದ್ದರೆ ಆಸರೆಯಿಲ್ಲದ ಉದ್ದ ನೋಡಿಕೊಳ್ಳಿ. 0.4 ಉಕ್ಕಿನ ತಂತಿ ಎರಡೂ ತುದಿ ಹಿಂಜಿನಲ್ಲಿದ್ದು 20 ಮಿ.ಮೀ. ಬರಿದಾಗಿದ್ದರೆ 6 ನ್ಯೂಟನ್‌ಗೆ ಸೊಟ್ಟಗಾಗುತ್ತದೆ, 40 ಮಿ.ಮೀ. ಬಿಟ್ಟರೆ ಒಂದೂವರೆಗೇ. ಅದರ ಬದಲು ಬಾಯಿಯನ್ನು ಸ್ಪ್ರಿಂಗ್ ಮುಚ್ಚಲಿ, ತಂತಿ ಎಳೆದಾಗ ತೆರೆಯಲಿ. ಹಿಡಿತ ಕೊಡುವುದು ಸ್ಪ್ರಿಂಗ್, ತಂತಿಯ ಹಿಗ್ಗುವಿಕೆಗೆ ಹಿಡಿತದ ಜೊತೆ ಸಂಬಂಧವೇ ಇರುವುದಿಲ್ಲ.

ಪಿಟಿಎಫ್‌ಇ ಒಳಪದರ ಕೊಳ್ಳುವಾಗ ಹೊರಮೈ ಎಚ್ ಮಾಡಿದ್ದನ್ನೇ (ರಾಸಾಯನಿಕದಿಂದ ಅಂಟು ಹಿಡಿಯುವಂತೆ ಮಾಡಿದ್ದನ್ನೇ) ಕೊಳ್ಳಿ. ಇಲ್ಲದಿದ್ದರೆ ಯಾವ ಅಂಟೂ ಹಿಡಿಯುವುದಿಲ್ಲ, ಎಳೆದಾಗ ಒಳಪದರ ಕವಚದಿಂದ ಕಳಚಿ ತಂತಿಯ ಜೊತೆ ಹೊರಬರುತ್ತದೆ.

ಬೆಂಚ್_ಟೆಸ್ಟ್

ಮೇಲಿನ ಉತ್ತರದಲ್ಲಿ ಒಂದು ಬಿಟ್ಟು ಎಲ್ಲಕ್ಕೂ ನನ್ನ ಒಪ್ಪಿಗೆ. ಸ್ಪ್ರಿಂಗ್ ಮುಚ್ಚುವ ಬಾಯಿ ಬೇಡ.

ತಂತಿ ತುಂಡಾದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಬಾಯಿ ಫ್ಲ್ಯಾಪನ್ನು ಕಚ್ಚಿಕೊಂಡೇ ಉಳಿಯುತ್ತದೆ. ಫ್ಲ್ಯಾಪ್ ಇನ್ನೂ ಜಠರಕ್ಕೆ ಅಂಟಿದೆ, ಬಾಯಿ ಕ್ಯಾಪಿಗೆ, ಕ್ಯಾಪ್ ಸ್ಕೋಪಿಗೆ. ಅರ್ಧ ಸುಲಿದ ಜಠರಕ್ಕೆ ಸ್ಕೋಪ್ ಕಟ್ಟಿಹಾಕಿದಂತಾಯಿತು. ಸ್ಪ್ರಿಂಗ್ ತೆರೆಯಲಿ, ತಂತಿ ಎಳೆದು ಮುಚ್ಚಲಿ, ಎಳೆತ ಹಿಂಜಾರದಂತೆ ಹಿಡಿಕೆಯಲ್ಲಿ ರ್‍ಯಾಚೆಟ್ ಇರಲಿ. ತಂತಿ ಹೋದರೆ ಬಾಯಿ ತಾನೇ ಬಿಡುತ್ತದೆ. ಹಿಗ್ಗುವಿಕೆಯ ಚಿಂತೆಗೆ ಹಿಡಿಕೆಯೊಳಗೆ ತಂತಿಯ ಸಾಲಿನಲ್ಲೇ ಒಂದು ಮೆತು ಸ್ಪ್ರಿಂಗ್ ಇಟ್ಟು 2–3 ಮಿ.ಮೀ. ಹೆಚ್ಚುವರಿ ಎಳೆದು ಲಾಕ್ ಮಾಡಿದರೆ ಸಾಕು. ತೋಳೂ ಹಾಗೆಯೇ: ಯಾವ ತಂತಿ ಹೋದರೂ ಸ್ಕೋಪ್ ಹಿಂದಕ್ಕೆಳೆದಾಗ ಅದು ಓವರ್‌ಟ್ಯೂಬಿನ ಬಾಯಿಗೆ ತಗುಲಿ ಮುಂದಕ್ಕೆ ಮಡಚಿಕೊಳ್ಳಬೇಕು, ಕೊಕ್ಕೆಯಂತೆ ಸಿಕ್ಕಿಕೊಳ್ಳಬಾರದು.

ಸಕ್ಷನ್ ಬಗ್ಗೆ ಕೇಳಿದ್ದಿರಿ. 5 ಮಿ.ಮೀ. ವ್ಯಾಸದ ರಂಧ್ರ, 60 ಕಿಲೋಪ್ಯಾಸ್ಕಲ್ ನಿರ್ವಾತ: ಗುಣಿಸಿದರೆ 1.2 ನ್ಯೂಟನ್. ಕಾಗದದ ಮೇಲೆ ಸಾಕು. ಅದು ಅಂಚಿನ ಸುತ್ತ ಒಂದು ಚೂರೂ ಸೋರದಿದ್ದಾಗ. ಲೋಳೆ, ರಕ್ತ, ಕತ್ತರಿಸಿದ ಅಂಗಾಂಶದ ಚೂರು ಹೋಗಿ ನಳಿಕೆ ಕಟ್ಟಿದರೆ ಬಿಡಿಸುವ ದಾರಿಯಿಲ್ಲ. ಪಕ್ಕಕ್ಕೆ ಎಳೆದರೆ ಸಿಪ್ಪೆ ಸುಲಿದಂತೆ ಒಂದು ಬದಿಯಿಂದ ಬಿಟ್ಟುಕೊಳ್ಳುತ್ತದೆ. ನಾನಾದರೆ ಹಲ್ಲಿಗೇ ಹೋಗುವೆ.

ಹಲ್ಲು ಏಕೆ ಬೇಕು: ಒದ್ದೆ ಲೋಳೆಪೊರೆಯ ಮೇಲೆ ನಯ ಲೋಹದ ಘರ್ಷಣೆ 0.1 ಅಂತಿಟ್ಟರೆ, ಬಾಯಿಯ ಎರಡೂ ಬದಿ ಸೇರಿ 1 ನ್ಯೂಟನ್ ಎಳೆಯಲು 5 ನ್ಯೂಟನ್ ಅದುಮಬೇಕು. ಅರ್ಧ ಮಿ.ಮೀ. ಆಳದ ಹಲ್ಲುಗಳು ಎದುರುಬದಿರು ಕೂತರೆ ಘರ್ಷಣೆಯ ಹಂಗಿಲ್ಲ, 2–3 ನ್ಯೂಟನ್ ಸಾಕು. 5×2 ಮಿ.ಮೀ. ಬಾಯಿಯ ಮೇಲೆ 3 ನ್ಯೂಟನ್ ಅಂದರೆ 0.3 ಮೆಗಾಪ್ಯಾಸ್ಕಲ್, ಅಂದರೆ 2,000 ಮಿ.ಮೀ. ಪಾದರಸಕ್ಕೂ ಮೇಲೆ. ಅಲ್ಲಿನ ಸಣ್ಣ ರಕ್ತನಾಳಗಳೆಲ್ಲ ಮುಚ್ಚಿಹೋಗುತ್ತವೆ. ತೆಗೆದುಹಾಕುವ ಅಂಗಾಂಶವಾದ್ದರಿಂದ ಪರವಾಗಿಲ್ಲ. ಉಳಿಯುವ ಅಂಗಾಂಶವನ್ನು ಈ ಬಾಯಿ ಎಂದೂ ಕಚ್ಚಬಾರದು ಎಂದು ಬಳಕೆಯ ಸೂಚನೆಯಲ್ಲಿ ಬರೆಯಲೇಬೇಕು. ಇಲಿಹಲ್ಲಿನಂಥ ಒಂಟಿ ಚೂಪು ಬೇಡ, ಹರಿದುಕೊಂಡು ಬರುತ್ತದೆ.

ಬಲ: ಕೆಲಸಕ್ಕೆ 1 ನ್ಯೂಟನ್, ರಚನೆ ತಾಳಬೇಕಾದ್ದು 2, ಬಾಯಿ ಜಾರಿ ಬಿಡಬೇಕಾದ್ದು 2ರ ಆಸುಪಾಸು. ನಾನು ವಿನ್ಯಾಸಕ್ಕೆ ಇಟ್ಟುಕೊಳ್ಳುವ ಗುರಿ ಇದು. ಅಂಗಾಂಶ ಹರಿಯುವ ಮೊದಲು ಬಾಯಿ ಜಾರಬೇಕು, ಈ ಕ್ರಮ ತಪ್ಪಬಾರದು. ನಿಮ್ಮ ಬಾಯಿಗೆ ಅದು ಎಷ್ಟು ಎಂಬುದನ್ನು ಹಂದಿಯ ಜಠರದ ಮೇಲೆ ಅಳೆಯಿರಿ. ಕಸಾಯಿಖಾನೆಯಿಂದ ತಾಜಾ ತಂದು, ತೊಳೆದು, ತಣ್ಣಗಿನ ಸಲೈನಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ. ಫ್ರೀಜರಿನಲ್ಲಿಟ್ಟು ಕರಗಿಸಿದ್ದರಲ್ಲಿ ಪದರಗಳು ಸುಲಭವಾಗಿ ಬಿಟ್ಟುಕೊಂಡು ಸುಳ್ಳು ಧೈರ್ಯ ಕೊಡುತ್ತವೆ. ಅಳೆಯುವ ಮೊದಲು 37 ಡಿಗ್ರಿ ಸಲೈನಿನಲ್ಲಿ ನೆನೆಸಿ. ಲೋಳೆಪೊರೆಯಡಿ ಬಣ್ಣ ಬೆರೆಸಿದ ಸಲೈನ್ ಚುಚ್ಚಿ ಉಬ್ಬಿಸಿ, 3 ಸೆಂ.ಮೀ. ವೃತ್ತ ಕೊಯ್ದು, ಅಂಚು ಕಚ್ಚಿಸಿ, 10 ನ್ಯೂಟನ್ ವ್ಯಾಪ್ತಿಯ ಡಿಜಿಟಲ್ ಬಲಮಾಪಕದಿಂದ ನಿಧಾನವಾಗಿ ಎಳೆಯಿರಿ. ಜಾರಿತೇ ಹರಿಯಿತೇ ಎಂದು ಪ್ರತಿ ಸಲ ಬರೆದಿಡಿ. ಬಲದ ಅಂಕಿಗಿಂತ ಅದು ಮುಖ್ಯ. ಜಠರದ ಮೇಲ್ಭಾಗ ಮತ್ತು ಕೆಳಭಾಗದ ಲೋಳೆಪೊರೆಯ ದಪ್ಪ ಒಂದೇ ಅಲ್ಲ, ಎರಡನ್ನೂ ಬೇರೆ ಬೇರೆ ಅಳೆಯಿರಿ.

ಕ್ಯಾಪ್ ಕಳಚುವ ಪರೀಕ್ಷೆಯನ್ನೂ ಒದ್ದೆಯಾಗಿಯೇ ಮಾಡಿ. ಒಣ ಸ್ಕೋಪಿನ ಮೇಲೆ ಬಿಗಿಯಾಗಿ ಕೂತ ಕ್ಯಾಪ್ ಲೋಳೆ, ಜೆಲ್ಲಿ ಹತ್ತಿದರೆ ಜಾರುತ್ತದೆ. ನೇರ ಎಳೆತ ಮಾತ್ರ ಸಾಲದು. ತೋಳಿನ ತುದಿಯ 1 ನ್ಯೂಟನ್ ಕ್ಯಾಪನ್ನು ಓರೆಯಾಗಿ ಎಬ್ಬಿಸುತ್ತದೆ, ಪಕ್ಕಕ್ಕೆ ಬಿದ್ದರೆ ಸ್ಕೋಪಿನ ಸುತ್ತ ತಿರುಗಿಸುತ್ತದೆ. ಮೂರೂ ಬಗೆಯಲ್ಲಿ ಎಳೆದು ನೋಡಿ. ಕ್ಯಾಪಿನ ಸಿಲಿಕೋನ್ ಲಂಗ ತುದಿಯ ಗಟ್ಟಿ ಭಾಗದ ಮೇಲೇ ಕೂರಬೇಕು. ಅದು ಹಿಂದಿನ ರಬ್ಬರ್ ಭಾಗಕ್ಕೆ ಚಾಚಿದರೆ ಬಾಗಿದಾಗ ರಬ್ಬರ್ ಸವೆಯುತ್ತದೆ, ಸ್ಕೋಪ್ ಸೋರುತ್ತದೆ. ದುಬಾರಿ ರಿಪೇರಿ ಅದು.

ಇನ್ನು ವಿದ್ಯುತ್. ಇದನ್ನು ಯಾರೂ ಎತ್ತಲಿಲ್ಲ. ನೈಫಿನಲ್ಲಿ ಹೈ ಫ್ರೀಕ್ವೆನ್ಸಿ ಕರೆಂಟು, ಸ್ಪ್ರೇ ಕೋಯಾಗ್ (ಕಿಡಿ ಹಾರಿಸಿ ರಕ್ತ ನಿಲ್ಲಿಸುವ) ಕ್ರಮದಲ್ಲಿ ಗರಿಷ್ಠ ವೋಲ್ಟೇಜ್ 4,000ದ ಆಸುಪಾಸು. ನಿಮ್ಮ ಲೋಹದ ತೋಳು ಅದರಿಂದ 10 ಮಿ.ಮೀ. ದೂರದಲ್ಲಿದೆ. ನೈಫ್ ತಗುಲಿದರೆ ಕರೆಂಟು ತೋಳಿನಿಂದ ತಂತಿಗೆ, ತಂತಿಯಿಂದ ಕವಚದ ಉದ್ದಕ್ಕೂ. ಆ ಕವಚ ಸ್ಕೋಪಿನ ಹೊರಗೆ, ರೋಗಿಯ ಅನ್ನನಾಳಕ್ಕೂ ತುಟಿಗೂ ಮುಟ್ಟಿಕೊಂಡು ಬರುತ್ತಿದೆ, ಇನ್ನೊಂದು ತುದಿ ನರ್ಸ್ ಕೈಯಲ್ಲಿ. ಬಾಯಿಯ ಹಲ್ಲು ಬಿಟ್ಟು ತೋಳಿನ ಉಳಿದೆಲ್ಲ ಲೋಹಕ್ಕೆ ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್, ಎರಡು ಪದರ ಹೀಟ್‌ಶ್ರಿಂಕ್ ಹಾಕಿ. ಒಂದರಲ್ಲಿ ಸೂಜಿಮೊನೆಯ ತೂತಿದ್ದರೂ ಇನ್ನೊಂದು ಕಾಯುತ್ತದೆ. ತೋಳಿಗೂ ತಂತಿಗೂ ನಡುವೆ ಪೀಕ್ ಪ್ಲಾಸ್ಟಿಕ್ಕಿನ ಕೊಂಡಿ ಇಟ್ಟರೆ ದಾರಿಯೇ ಕಡಿಯುತ್ತದೆ, ನನ್ನ ಮಟ್ಟಿಗೆ ಅದೇ ಉತ್ತಮ. ಕವಚವನ್ನು ಸಲೈನಿನಲ್ಲಿ ಮುಳುಗಿಸಿಯೇ ಹೈ ವೋಲ್ಟೇಜ್ ಪರೀಕ್ಷೆ ಮಾಡಬೇಕು, ಒಣಗಿದ್ದಾಗ ಎಲ್ಲವೂ ಪಾಸಾಗುತ್ತದೆ.

ದೃಷ್ಟಿ: 140 ಡಿಗ್ರಿ ನೋಟದ ಲೆನ್ಸಿಗೆ, ನಡುವಿನಿಂದ 6 ಮಿ.ಮೀ. ಆಚೆ ಇರುವ ಲೋಹ ಲೆನ್ಸಿನ ಮಟ್ಟದಿಂದ 2.2 ಮಿ.ಮೀ. ಮುಂದೆ ಬಂದ ಕೂಡಲೇ ಪರದೆಯ ಅಂಚಿನಲ್ಲಿ ಕಾಣಲು ಶುರು. ಹಿಂಜನ್ನು ಲೆನ್ಸಿಗಿಂತ ಹಿಂದೆ ಇಡಿ, ತೆಳು ತೋಳು ಮಾತ್ರ ಕಾಣಲಿ. ಕ್ಯಾಪಿನ ಬದಿಯಲ್ಲಿ 1–1.5 ಮಿ.ಮೀ. ಸೋರುರಂಧ್ರ ಎರಡು ಕೊರೆಯಿರಿ, ಇಲ್ಲದಿದ್ದರೆ ಒಳಗೆ ನೀರು ನಿಂತು ಚಿತ್ರ ಮಂಜಾಗುತ್ತದೆ.

ಲೈಸೆನ್ಸ್_ಕಡತ

ಚಿಕ್ಕದಾಗಿ. ಭಾರತದಲ್ಲಿ ವೈದ್ಯಕೀಯ ಸಾಧನಗಳ ನಿಯಮಗಳು, 2017ರ ಪ್ರಕಾರ ಪರೀಕ್ಷೆಗಾಗಿ ಸಣ್ಣ ಪ್ರಮಾಣದಲ್ಲಿ ತಯಾರಿಸಲೂ ಲೈಸೆನ್ಸ್ ಬೇಕು: ಅರ್ಜಿಯ ನಮೂನೆ ಎಂಡಿ-12, ಸಿಗುವ ಲೈಸೆನ್ಸ್ ಎಂಡಿ-13. ಮನುಷ್ಯರ ಮೇಲಿನ ಕ್ಲಿನಿಕಲ್ ಇನ್ವೆಸ್ಟಿಗೇಶನ್ನಿಗೆ ಎಂಡಿ-22ರಲ್ಲಿ ಅರ್ಜಿ, ಜೊತೆಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ. ಅಪಾಯ ವಿಶ್ಲೇಷಣೆಗೆ ಐಎಸ್‌ಒ 14971, ಜೈವಿಕ ಹೊಂದಾಣಿಕೆಗೆ 10993, ಹೈ ಫ್ರೀಕ್ವೆನ್ಸಿ ಭಾಗಕ್ಕೆ ಐಇಸಿ 60601-2-2. ಬೆಂಚ್_ಟೆಸ್ಟ್ ಅವರು ಹೇಳಿದ ‘ತಂತಿ ತುಂಡಾದರೆ’ ಪ್ರಶ್ನೆ 14971 ಕಡತದ ಮೊದಲ ಪುಟದಲ್ಲೇ ಬರುತ್ತದೆ, ಹಾಗಾಗಿ ವಿನ್ಯಾಸ ಬದಲಾದ ದಿನವೇ ಬರೆದಿಡಿ.

ಒಂದೂವರೆ ಮೀಟರ್ ಉದ್ದದ ಸಣ್ಣ ಕವಚದ ಒಳಗನ್ನು ತೊಳೆದು ಸ್ವಚ್ಛವಾಯಿತು ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಮರುಬಳಕೆಯ ಆಸೆ ಬಿಟ್ಟು ಒಂದೇ ಬಳಕೆಗೆ, ಎಥಿಲೀನ್ ಆಕ್ಸೈಡಿನಲ್ಲಿ ಸ್ಟೆರಿಲೈಸ್ ಮಾಡುವಂತೆ ವಿನ್ಯಾಸ ಮಾಡಿ. 3ಡಿ ಪ್ರಿಂಟಿನ ರೆಸಿನ್ ಕ್ಯಾಪ್ ಬೆಂಚಿಗೆ ಸರಿ. ರೋಗಿಗೆ ಹೋಗುವ ಕ್ಯಾಪಿನ ವಸ್ತು ಬೇರೆಯಾದರೆ ಕಳಚುವ ಪರೀಕ್ಷೆ ಮೊದಲಿನಿಂದ ಮಾಡಬೇಕು.

ತಿರುಪುಮೊಳೆ

ತುಂಬ ಉಪಕಾರವಾಯಿತು. ಲಿವರ್ 3 ಮಿ.ಮೀ., ಕವಚ 9 ಗಂಟೆಯ ಬದಿಗೆ, ಸ್ಪ್ರಿಂಗ್ ತೆರೆಯುವ ಬಾಯಿ, ಪೀಕ್ ಕೊಂಡಿ: ಇಷ್ಟು ಬದಲಾಯಿಸುತ್ತೇವೆ. ಡಾಕ್ಟರ್ ಸರ್, ಒಂದು ಉಳಿದ ಪ್ರಶ್ನೆ. ದೊಡ್ಡಕರುಳಿಗೂ ಇದೇ ತೋಳನ್ನು ದೊಡ್ಡದು ಮಾಡಿ ಬಳಸಬಹುದೇ?

ಗ್ಯಾಸ್ಟ್ರೋ_ಹುಬ್ಬಳ್ಳಿ

ಬೇಡ. ಕೊಲೊನೋಸ್ಕೋಪ್ ತಾನೇ 13 ಮಿ.ಮೀ. ಹತ್ತಿರ, ಅದರ ಮೇಲೆ ತೋಳು ಮತ್ತು ಉದ್ದಕ್ಕೂ ಕವಚ ಕಟ್ಟಿ ಸಿಗ್ಮಾಯ್ಡ್ (ಗುದನಾಳದ ಮೇಲಿನ ಎಸ್ ಆಕಾರದ ಕರುಳು) ತಿರುವು ದಾಟಿಸುವುದು ರೋಗಿಗೂ ಹಿಂಸೆ, ನಮಗೂ. ಬಲಭಾಗದ ಕರುಳು ತಲುಪುವಷ್ಟರಲ್ಲಿ ಕ್ಯಾಥೆಟರ್_ಕೆಲಸ ಅವರ ಘರ್ಷಣೆಯ ಲೆಕ್ಕ ಇನ್ನೂ ಕೆಡುತ್ತದೆ.

ಅಲ್ಲಿ ಹೊರಗಿನಿಂದ ಎಳೆಯುವುದೇ ಬೇಕಿಲ್ಲ. ಫ್ರಾನ್ಸಿನ ಲಿಯಾನ್ ತಂಡ ಪ್ರಚಾರಕ್ಕೆ ತಂದ ವಿಧಾನದಲ್ಲಿ ಎರಡು ಕ್ಲಿಪ್, ನಡುವೆ ಒಂದು ರಬ್ಬರ್ ಬ್ಯಾಂಡ್: ಒಂದು ಕ್ಲಿಪ್ ಫ್ಲ್ಯಾಪಿನ ಅಂಚಿಗೆ, ಇನ್ನೊಂದು ಬ್ಯಾಂಡನ್ನು ಎಳೆದುಕೊಂಡು ಹೋಗಿ ಎದುರು ಗೋಡೆಗೆ. ಎರಡೂ ಕ್ಲಿಪ್ ಚಾನೆಲ್ ಮೂಲಕವೇ ಹೋಗುತ್ತವೆ, ಸ್ಕೋಪ್ ಹೊರತೆಗೆಯಬೇಕಿಲ್ಲ. ಎಳೆತ ಹೆಚ್ಚು ಬೇಕೆಂದರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕರುಳು ಹಿಗ್ಗಿಸಿ, ಕಡಿಮೆ ಬೇಕೆಂದರೆ ಗಾಳಿ ಎಳೆದುಕೊಳ್ಳಿ. ಮುಗಿದ ಮೇಲೆ ಎದುರು ಗೋಡೆಯ ಕ್ಲಿಪ್ಪನ್ನು ಫೋರ್ಸೆಪ್ಸ್‌ನಿಂದ ಬಿಡಿಸಿ, ಬ್ಯಾಂಡ್ ಸಮೇತ ತುಣುಕನ್ನು ಹೊರತರುವುದು. ಬಿಡಿಸುವಾಗ ಜೋರಾಗಿ ಕೀಳಬೇಡಿ, ಆ ಗೋಡೆ ಆರೋಗ್ಯವಂತ ಗೋಡೆ.